ಕಸ ಹೊಡೆಯುವ ಮೊದಲೇ ಬರುವ ಮೈಮುನಾ

ಮಾಳಮಡ್ಡಿಯ ಓಣಿಗೆ ಇನ್ನೂ ಹಾಲಿನವನೂ ಬಂದಿಲ್ಲ. ಮೈಮುನಾ ಕಿಲ್ಲೇದಾರ ಸ್ಕೂಟಿಯನ್ನು ಪಕ್ಕದ ಓಣಿಯ ಬೇವಿನ ಮರದ ಕೆಳಗೆ ನಿಲ್ಲಿಸಿ, ಕ್ಯಾಮೆರಾದ ಚೀಲವನ್ನು ಬುರ್ಖಾದ ಮೇಲೆ ಅಡ್ಡಲಾಗಿ ಹಾಕಿಕೊಂಡು ಸರಸರ ನಡೆಯುತ್ತಿದ್ದಾರೆ. ಅವರ ಬಗ್ಗೆ ಪತ್ರಿಕೆಯ ಪುರವಣಿಗೆ ಬರೆಯಲು ಬಂದ, ಬಿಸಿಲು ಮೈಮೇಲೆ ಬಿದ್ದ ಮೇಲಷ್ಟೇ ಏಳುವ ಜಾತಿಯವನಾದ ನಾನು ಅರ್ಧ ನಿದ್ದೆಯಲ್ಲಿ ಅವರ ಹಿಂದೆ ಎಡವುತ್ತ ಬರುತ್ತಿದ್ದೇನೆ.

"ಲಗೂ ಬರ್ರಿ ಸರ. ಮನಿ ಹೆಣ್ಮಗಳ ಕೈಗೆ ಕಸಬರಿಗಿ ಬಂತಂದ್ರ ನನ್ನ ಕೆಲಸ ಕೆಟ್ಟಂಗ."

ಅವರ ಕೆಲಸವೇ ವಿಚಿತ್ರ. ಮನೆ ಮಾಲೀಕರಿಗೂ ಬಾಡಿಗೆದಾರರಿಗೂ ಜಗಳವಾಗಿ ಕೋರ್ಟಿಗೆ ಹೋದಾಗ, ಆ ಮನೆ ಹೇಗಿದೆ ಎಂದು ತೋರಿಸುವ ಫೋಟೋ, ವಿಡಿಯೋ ತೆಗೆಯುವವರು ಇವರು. ಸೋರುವ ಮಾಳಿಗೆ, ಮುರಿದ ಕಿಟಕಿ, ಬಿರುಕು ಬಿಟ್ಟ ಗೋಡೆ. ಅವುಗಳ ಪ್ರತಿ ಮಾಡಿ, "ಇದನ್ನು ನಾನೇ ತೆಗೆದಿದ್ದೇನೆ, ಏನೂ ತಿದ್ದಿಲ್ಲ" ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿ ವಕೀಲರ ಕೈಗೆ ಕೊಡುತ್ತಾರೆ. ಕರೆದರೆ ಕಟಕಟೆಯನ್ನೂ ಹತ್ತುತ್ತಾರೆ. ಅವಳಿ ನಗರದ ಎಷ್ಟೋ ಸಂಸಾರಗಳು ಇವರ ಒಂದು ಫೋಟೋದ ಮೇಲೆ ಮನೆ ಉಳಿಸಿಕೊಂಡಿವೆ. ಆದರೆ ಇವರ ಹೆಸರು ಯಾವ ತೀರ್ಪಿನಲ್ಲೂ ದಪ್ಪ ಅಕ್ಷರದಲ್ಲಿ ಬಂದಿಲ್ಲ.

ಇಷ್ಟು ಬೆಳಿಗ್ಗೆ ಯಾಕೆ ಎಂದು ಕೇಳಿದ್ದಕ್ಕೆ ನನ್ನನ್ನು ಏನೂ ತಿಳಿಯದವನಂತೆ ನೋಡುತ್ತಾರೆ. "ನಮ್ಮ ಕಡೆ ಮಂದಿ ಹೆಂಗದಾರ ನಿಮಗ ಗೊತ್ತಿಲ್ಲೇನ್ರಿ? ಮನಿಗೆ ಯಾರರೆ ಬರ್ತಾರಂದ್ರ ಮೊದಲ ಕಸ ಹೊಡೀತಾರ, ನೆಲಾ ಸಾರಸ್ತಾರ, ಹರಕ ಚಾದರ ತಗದು ಛಲೋದು ಹಾಸ್ತಾರ. ಬಿರುಕಿನ ಮ್ಯಾಲ ದೇವರ ಕ್ಯಾಲೆಂಡರ ತೂಗಹಾಕ್ತಾರ. ನಾ ಹೋಗೂದ್ರಾಗ ಮನಿ ಮದುವಿಮನಿ ಆಗಿರ್ತೈತಿ. ಜಡ್ಜಸಾಹೇಬ್ರು ಫೋಟೋ ನೋಡಿ, ಇಷ್ಟು ಛಂದ ಮನ್ಯಾಗ ಕುಂತು ತಕರಾರೇನು ಅಂತಾರ. ಅದಕ್ಕ ಹೇಳದ ಕೇಳದ ಬರ್ತೇನಿ, ನಸಿಕಿನ್ಯಾಗ."

ಇವತ್ತು ಮಾತ್ರ ಹೇಳದೆ ಬರುವ ಹಾಗಿರಲಿಲ್ಲ, ವಕೀಲರು ಮನೆಯವರಿಗೆ ಮೊದಲೇ ತಿಳಿಸಿಬಿಟ್ಟಿದ್ದರು. ನಾವು ಹೋಗುತ್ತಿರುವುದು ದಾಕ್ಷಾಯಿಣಿಯವರ ಮನೆಗೆ. ಗಂಡ ತೀರಿಕೊಂಡ ಮೇಲೆ ಅತ್ತೆ ರತ್ನವ್ವನ ಜೊತೆ ಸೇರಿ ಜೋಳದ ರೊಟ್ಟಿ ಬಡಿದು, ಖಾನಾವಳಿಗಳಿಗೂ ಸಪ್ತಾಪುರದ ಹುಡುಗರ ರೂಮುಗಳಿಗೂ ಕೊಟ್ಟು ಸಂಸಾರ ಮಾಡುವ ಹೆಣ್ಣುಮಗಳು. ಅಡುಗೆಮನೆಯ ಗೋಡೆ ಮಾಳಿಗೆಯಿಂದ ನೆಲದವರೆಗೆ ಹಸಿಯಾಗಿ, ಕಪ್ಪು ಬೂಸ್ಟು ಹಿಡಿದು, ಮೇಲಿನ ಗಾರೆಯ ಗಿಲಾಯಿ ಉದುರುತ್ತಿದೆ. ಬಾಡಿಗೆದಾರಳೇ ಮನೆ ಹಾಳು ಮಾಡಿದ್ದಾಳೆ, ಅಪಾಯ ಆಗುವ ಮೊದಲು ಬಿಡಿಸಿಕೊಡಿ ಎಂದು ಮಾಲೀಕ ಶಿವಯೋಗೀಶ ಅರ್ಜಿ ಹಾಕಿದ್ದಾರೆ. ಮೇಲಿನ ಅಂತಸ್ತಿಗೆ ದೀಪಾವಳಿಯಿಂದ ಬೀಗ ಹಾಕಿದೆ, ತಾನೂ ಅಲ್ಲಿಗೆ ಕಾಲಿಟ್ಟಿಲ್ಲ, ಹಾಗಾಗಿ ನೀರು ಮೇಲಿಂದ ಬರುವ ಮಾತೇ ಇಲ್ಲ ಎಂದು ಪ್ರಮಾಣ ಮಾಡಿ ಹೇಳಿದ್ದಾರೆ. ನೀರು ಮೇಲಿಂದಲೇ ಬರುತ್ತದೆ ಎಂದು ತೋರಿಸಲು ದಾಕ್ಷಾಯಿಣಿಯವರಿಗೆ ಇರುವ ಕೊನೆಯ ತಾರೀಖು ಇವತ್ತು. ವಕೀಲ ಮಾಲತೇಶ ಅವರು, "ಗ್ವಾಡಿ ಇದ್ದಂಗ ಇರ್ಲಿ, ಮುಟ್ಟಬ್ಯಾಡ್ರಿ" ಎಂದು ಹೇಳಿ ಹೇಳಿ ಸಾಕಾಗಿದ್ದಾರಂತೆ.

ಮನೆ ಹೋದರೆ ಬರೀ ಮನೆ ಹೋಗುವುದಲ್ಲ. ರೊಟ್ಟಿ ಬಡಿಯುವವರಿಗೆ ಈ ಊರಲ್ಲಿ ಇನ್ನೊಂದು ಬಾಡಿಗೆ ಮನೆ ಸಿಗುವುದು ಕಷ್ಟ. ಇಡೀ ದಿನ ಒಲೆ ಉರಿಯುತ್ತದೆ, ಗೋಡೆ ಕರಿಯಾಗುತ್ತದೆ ಎಂದು ಯಾರೂ ಕೊಡುವುದಿಲ್ಲ. ಒಲೆ ಹೂಡಲು ಜಾಗವಿಲ್ಲದಿದ್ದರೆ ಅತ್ತೆ ಸೊಸೆ ಇಬ್ಬರ ಹೊಟ್ಟೆಪಾಡೂ ಮುಗಿದಂತೆ.

ಮೈಮುನಾ ಬಾಗಿಲು ತಟ್ಟುತ್ತಾರೆ. ದಾಕ್ಷಾಯಿಣಿ ನಗುತ್ತ ಬಾಗಿಲು ತೆರೆಯುತ್ತಾರೆ. ಸ್ನಾನವಾಗಿದೆ, ಹಣೆಯಲ್ಲಿ ವಿಭೂತಿ, ಮೈಮೇಲೆ ಇಳಕಲ್ ಸೀರೆ. ಆಗಲೇ ನನಗೆ ಏನೋ ತಪ್ಪಿದೆ ಅನಿಸುತ್ತದೆ. ಒಳಗೆ ಕಾಲಿಟ್ಟರೆ ಸುಣ್ಣದ ವಾಸನೆ ಮೂಗಿಗೆ ಬಡಿಯುತ್ತದೆ.

ಅಡುಗೆಮನೆಯ ಗೋಡೆ ಹಾಲಿನಂತೆ ಬೆಳ್ಳಗಿದೆ. ಉದುರಿದ ಗಿಲಾಯಿಗೆ ತೇಪೆ ಬಿದ್ದಿದೆ, ಕಪ್ಪು ಬೂಸ್ಟಿನ ಸುಳಿವಿಲ್ಲ, ಕೆಳಗೆ ಒಂದು ಗೇಣು ಕೆಮ್ಮಣ್ಣಿನ ಪಟ್ಟಿ ಬೇರೆ! ನಾನು ಹೌಹಾರಿ ನಿಲ್ಲುತ್ತೇನೆ. ಇಡೀ ಕೇಸು ನಿಂತದ್ದು ಆ ಗೋಡೆಯ ಮೇಲೆ. ಆ ಗೋಡೆಯನ್ನು ಈ ತಾಯಿ ತನ್ನ ಕೈಯಾರೆ ಒರೆಸಿ ಹಾಕಿದ್ದಾಳೆ. ಕೂಗಬೇಕೋ ನಗಬೇಕೋ ತಿಳಿಯುವುದಿಲ್ಲ.

"ಏನ ಮಾಡಿದ್ರಿ ಅಕ್ಕಾರ ಇದು?" ಮೈಮುನಾ ಅವರ ದನಿಯೂ ಉಡುಗಿದೆ.

"ನಿನ್ನೆ ಹಚ್ಚಿಸಿದೇನ್ರಿ." ದಾಕ್ಷಾಯಿಣಿಗೆ ನಮ್ಮ ಮುಖ ಯಾಕೆ ಹೀಗಾಯಿತೆಂದೇ ತಿಳಿದಿಲ್ಲ. "ಈ ಫೋಟೋ ಜಡ್ಜಸಾಹೇಬ್ರು ನೋಡ್ತಾರಂದ್ರಲ್ರಿ ನೀವು. ದೊಡ್ಡ ದೊಡ್ಡ ವಕೀಲರು ನೋಡ್ತಾರ. ಆ ಹೊಲಸ ಗ್ವಾಡಿ ಹೆಂಗ ತೋರಸ್ಲಿ? ಇಂಥಾ ಮನ್ಯಾಗ ರೊಟ್ಟಿ ಬಡೀತಾಳ ಅಂತ ಊರಿಗೆಲ್ಲಾ ಗೊತ್ತಾದ್ರ ನಾಳೆ ಯಾರ ತಿಂತಾರ್ರಿ?"

ಒಳಗಿನ ಕೋಣೆಯಿಂದ ರತ್ನವ್ವ ಕೆಮ್ಮುತ್ತಾರೆ. ಆ ಕೆಮ್ಮು ಹತ್ತಿದ್ದೂ ಇದೇ ಗೋಡೆಯಿಂದ ಎಂದು ಆಸ್ಪತ್ರೆಯವರು ಹೇಳಿದ್ದಾರಂತೆ. ಆ ಗೋಡೆ ಈಗ ಹಬ್ಬಕ್ಕೆ ತಯಾರಾದಂತೆ ಲಕಲಕ ಹೊಳೆಯುತ್ತಿದೆ.

ಮೈಮುನಾ ಒಮ್ಮೆ ಮಾಳಿಗೆಯ ಕಡೆ ತಲೆಯೆತ್ತಿ ನೋಡುತ್ತಾರೆ. ಕ್ಯಾಮೆರಾದ ಸ್ಟ್ಯಾಂಡು ಬಿಚ್ಚಿ ನೆಲದ ಮೇಲೆ ಕೂರುತ್ತಾರೆ. "ಬಂದೇವಿ, ಒಂದೀಟು ಕುಂದ್ರೂಣು" ಅನ್ನುತ್ತಾರೆ. ದಾಕ್ಷಾಯಿಣಿ ಚಹಾಕ್ಕೆ ನೀರಿಡುತ್ತಾರೆ.

ಈ ಕಸುಬಿಗೆ ಬಂದದ್ದೂ ಅಡುಗೆಮನೆಯ ಮೂಲಕವೇ ಎಂದು ಮೈಮುನಾ ಹೇಳುತ್ತಾರೆ. ತಂದೆ ಖಾಜಾಸಾಬ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದರು. ಗಂಡಸರು ಕಾಲಿಡದ ಹೆಣ್ಣುಮಕ್ಕಳ ಕಾರ್ಯಕ್ರಮಗಳಿಗೆ, ಮೆಹಂದಿಗೆ, ಸೀಮಂತಕ್ಕೆ ಮಗಳನ್ನು ಕಳಿಸುತ್ತಿದ್ದರು. ಒಮ್ಮೆ ಒಬ್ಬ ವಕೀಲರಿಗೆ ಒಂದು ಅಡುಗೆಮನೆಯ ಫೋಟೋ ಬೇಕಾಯಿತು. ಆ ಮನೆಯ ಹಿರಿಯರು ಒಲೆಯ ಹತ್ತಿರ ಪರಗಂಡಸನ್ನು ಬಿಡುವುದಿಲ್ಲ ಎಂದು ಹಟ ಹಿಡಿದರು. ಮೈಮುನಾ ಹೋದರು. ಆ ಫೋಟೋದಿಂದ ಕೇಸು ಗೆದ್ದಿತು. ಅಲ್ಲಿಂದ ಒಬ್ಬರ ಬಾಯಿಂದ ಒಬ್ಬರಿಗೆ ಹೆಸರು ಹಬ್ಬಿತು.

ಅವರು ಕಂಡದ್ದನ್ನು ಕೇಳುತ್ತಿದ್ದರೆ ನನ್ನ ತಲೆ ಗಿರ್ರೆನ್ನುತ್ತದೆ. ಕೇಶ್ವಾಪುರದ ಒಬ್ಬ ಮಾಲೀಕ, ಪಾಲಿಶ್ ಮಾಡಿಸುತ್ತೇನೆ ಎಂದು ಬಾಡಿಗೆದಾರರ ಮುಂಬಾಗಿಲನ್ನೇ ಬಿಚ್ಚಿ ಒಯ್ದು, ವಾಪಸು ಕೊಡಲೇ ಇಲ್ಲ. ಮನೆಯಲ್ಲಿ ಬಾಣಂತಿ. ಇಡೀ ಮಳೆಗಾಲ ಬಾಗಿಲಿಗೆ ಸೀರೆ ಕಟ್ಟಿಕೊಂಡು ಕಳೆದರು. ಮೈಮುನಾ ಹೋದ ದಿನ ಆ ಸೀರೆಯನ್ನೂ ಒಗೆದು ಇಸ್ತ್ರಿ ಮಾಡಿ ಕಟ್ಟಿದ್ದರಂತೆ!

"ಬರೇ ಮಾಲಕರು ಕೆಟ್ಟವರಂತ ಬರೀಬ್ಯಾಡ್ರಿ ಮತ್ತ," ಎಂದು ನನ್ನನ್ನು ತಡೆಯುತ್ತಾರೆ. "ಸಪ್ತಾಪುರದಾಗ ಕಲ್ಯಾಕ ಬಂದ ಹುಡುಗರು ಪಾಯಖಾನಿ ತಾವ ಒಡದು, ಮಾಲಕರ ಮುದುಕಿ ಒಡಿಸ್ಯಾಳ ಅಂದ್ರು. ಒಡದ ಅಂಚು ಇನ್ನೂ ಬೆಳ್ಳಗ ಫಳಫಳ ಹೊಳ್ಯಾಕತ್ತಿತ್ತು. ನಾ ಒಡದ ಪಾಯಖಾನಿ ಫೋಟೋ ತಗದೇನಿ, ಆದ್ರ ಈಗಷ್ಟ ಒಡದದ್ದಂತ ಹೇಳೂ ಆ ಅಂಚನ್ನೂ ತಗದೇನಿ. ಅವತ್ತಿನಿಂದ ಆ ಹುಡುಗರು ನನ್ನ ನೋಡಿದ್ರ ರಸ್ತಾ ದಾಟತಾರ."

ಕೆಲಸ ಕೊಟ್ಟ ತೊಂದರೆಗಳನ್ನು ಅವರು ಅಡುಗೆಯ ಮಾತಿನಷ್ಟೇ ಸಹಜವಾಗಿ ಹೇಳುತ್ತಾರೆ. ಸ್ಕೂಟಿಯ ಟೈರು ಕೊಯ್ದಿದ್ದಾರೆ. ಒಬ್ಬರು ನಾಯಿ ಬಿಟ್ಟಿದ್ದಾರೆ. ಆದರೆ ಅವರ ಮನಸ್ಸಿಗೆ ಚುಚ್ಚುವುದು ಅದಲ್ಲ. ಕೋರ್ಟಿನ ಫೋಟೋದವಳು ಎಂದು ಹೆಸರಾದ ಮೇಲೆ ಮದುವೆ, ಸೀಮಂತಗಳಿಗೆ ಕರೆಯುವುದನ್ನು ಜನ ಬಿಟ್ಟರು. "ನಾ ಹೊಸ್ತಿಲ ದಾಟಿದ್ರ ಜಗಳ ಬರ್ತಾವಂತ. ನಾ ಜಗಳ ತರೂದಿಲ್ರಿ. ಜಗಳ ಮೊದಲ ಬಂದಿರ್ತೈತಿ, ನಾ ಆಮ್ಯಾಲ ಬಂದಿರ್ತೇನಿ." ಇದನ್ನು ಹೇಳುವಾಗ ಮಾತ್ರ ಅವರು ನನ್ನ ಮುಖ ನೋಡುವುದಿಲ್ಲ.

ಇಷ್ಟು ಮಾತಾಡುವಷ್ಟರಲ್ಲಿ ಹೊರಗಿನ ಪಾವಟಿಗೆಯ ಮೇಲೆ ಹೆಜ್ಜೆ ಸಪ್ಪಳ. ಯಾರೋ ಮೇಲಿನ ಅಂತಸ್ತಿಗೆ ಹತ್ತುತ್ತಿದ್ದಾರೆ. ಬೀಗ ತೆಗೆದ ಸದ್ದು. ಆಮೇಲೆ ನಳ ಬಿಟ್ಟ ಸದ್ದು, ನಮ್ಮ ತಲೆಯ ಮೇಲೆಯೇ. ದೀಪಾವಳಿಯಿಂದ ಯಾರೂ ಕಾಲಿಡದ ಅಂತಸ್ತು! ನಾನು ಮೈಮುನಾ ಅವರ ಮುಖ ನೋಡುತ್ತೇನೆ. ಅವರು ಆಗಲೇ ಕ್ಯಾಮೆರಾ ಗೋಡೆಗೆ ತಿರುಗಿಸಿ ವಿಡಿಯೋ ಹಚ್ಚಿದ್ದಾರೆ.

ಮೊದಲು ಏನೂ ಕಾಣುವುದಿಲ್ಲ. ನೀರಿನ ಸದ್ದು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೆಳ್ಳನೆಯ ಗೋಡೆಯ ಮೇಲ್ತುದಿಯಲ್ಲಿ ಅಂಗೈ ಅಗಲದ ಒಂದು ಬೂದಿ ಬಣ್ಣದ ಕಲೆ ಮೂಡುತ್ತದೆ. ಕಣ್ಣೆದುರೇ ಅದು ಕೆಳಗೆ ಇಳಿಯುತ್ತದೆ, ಅಗಲವಾಗುತ್ತದೆ. ಹಳೆಯ ಕಪ್ಪು ಗೋಡೆಯಲ್ಲಿ ಯಾವುದು ಇವತ್ತಿನ ಹಸಿ, ಯಾವುದು ಹೋದ ವರ್ಷದ್ದು ಎಂದು ಯಾರೂ ಹೇಳಲಾಗುತ್ತಿರಲಿಲ್ಲ. ಹೊಸ ಸುಣ್ಣದ ಮೇಲೆ ಕುರುಡನಿಗೂ ಕಾಣುವ ಹಾಗಿದೆ. ದಾಕ್ಷಾಯಿಣಿ ಮಾಡಿದ ತಪ್ಪೇ ಅವರನ್ನು ಕಾಯಲು ನಿಂತಿದೆ.

ಮೈಮುನಾ ಇನ್ನೊಂದು ಕ್ಯಾಮೆರಾ ಹಿಡಿದು ಹಿತ್ತಲಿಗೆ ಹೋಗುತ್ತಾರೆ. ಮೇಲಿನ ಬಚ್ಚಲಿನಿಂದ ಇಳಿದು ಬರುವ ಪೈಪಿನ ಬಾಯಿ ಒಣಗಿ ನಿಂತಿದೆ. ಮೇಲೆ ನಳ ಹರಿಯುತ್ತಿದೆ, ಕೆಳಗೆ ಒಂದು ಹನಿಯೂ ಬೀಳುತ್ತಿಲ್ಲ. ಅಂದರೆ ಮೇಲೆ ಬಚ್ಚಲಿನ ತೂತಿಗೆ ಬಟ್ಟೆ ತುರುಕಿರಬೇಕು. ನಿಂತ ನೀರೆಲ್ಲ ಗೋಡೆಯೊಳಗೆ ಇಳಿಯಲಿ ಎಂದೇ ಬಿಟ್ಟಿದ್ದಾರೆ. ಹಸಿಗೋಡೆ ಅಂದರೆ ಹಳೆಯ ಮನೆಯ ರೋಗ ಅಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಎದ್ದು ಬಂದು, ಇಬ್ಬರು ಹೆಣ್ಣುಮಕ್ಕಳ ಅಡುಗೆಮನೆಗೆ ನೀರು ಬಿಟ್ಟು ಹೋಗುವ ಮನುಷ್ಯನೂ ಇರುತ್ತಾನೆಯೇ?

"ಮ್ಯಾಲ ಹೋಗಿ ಹಿಡಿಯೂಣು ನಡೀರಿ," ಎಂದು ನಾನು ಪಾವಟಿಗೆಯ ಕಡೆ ಓಡುತ್ತೇನೆ. ಮೈಮುನಾ ನನ್ನ ಅಂಗಿ ಹಿಡಿದು ಎಳೆಯುತ್ತಾರೆ. "ಅದು ಅವರ ಜಾಗಾರಿ. ಅಪ್ಪಣಿ ಇಲ್ಲದ ಹತ್ತಿದ್ರ ನಮ್ಮದ ತಪ್ಪು. ನಂದೇನಿದ್ರೂ ಈ ಗ್ವಾಡಿ ಮುಂದ."

ಆಗ ನಾನು ನೋಡಿದ್ದನ್ನು ಹೇಗೆ ಬರೆಯಲಿ? ದಾಕ್ಷಾಯಿಣಿ ಚಹಾ ಸೋಸಿ ನಮಗೆ ಕೊಟ್ಟು, ಇನ್ನೊಂದು ಕಪ್ಪನ್ನು ಬಸಿಯಲ್ಲಿಟ್ಟು ಪಾವಟಿಗೆಯ ಕಡೆ ಹೊರಡುತ್ತಾರೆ. ಯಾರಿಗೆ ಎಂದು ಕೇಳುತ್ತೇನೆ.

"ಕಾಕಾರಿಗಿ. ಮಾಲಕರಿಗಿ."

"ದಿನಾ ಕೊಡ್ತೀರೇನು?"

"ಮುಂಜಾನೆದ್ದು ಬಂದಿರ್ತಾರಲ್ರಿ, ಹಂಗ ಹೆಂಗ ಕಳಸೂದು?"

"ಅವರು ಮ್ಯಾಲ ಏನ್ಮಾಡಾಕತ್ತಾರ ಅಂತ ನಿಮಗ ಗೊತ್ತೈತೇನು?"

ಅವರು ಕಪ್ಪಿನ ಕಡೆ ನೋಡುತ್ತ ನಿಲ್ಲುತ್ತಾರೆ. "ಗೊತ್ತೈತ್ರಿ. ಬ್ಯಾಸಿಗಿ ದಿನದಿಂದ ಗೊತ್ತೈತಿ."

ನನ್ನ ಕೈಯಲ್ಲಿದ್ದ ಚಹಾ ಚೆಲ್ಲುತ್ತದೆ. ಗೊತ್ತಿದ್ದೂ ವಕೀಲರಿಗೆ ಯಾಕೆ ಹೇಳಲಿಲ್ಲ? ನನ್ನ ದನಿ ಏರಿದ್ದು ನನಗೇ ಕೇಳುತ್ತದೆ. ದಾಕ್ಷಾಯಿಣಿ ಮಾತ್ರ ಮೆಲ್ಲಗೆ ಹೇಳುತ್ತಾರೆ: "ನಮ್ಮ ಮನಿಯವ್ರು ತೀರಿಕೊಂಡಾಗ ಮೊದಲ ಓಡಿ ಬಂದವರು ಕಾಕಾರು. ಹಿರೇ ಮನಷ್ಯಾನ್ನ ಕೋರ್ಟಿನ್ಯಾಗ ನಿಂದ್ರಿಸಿ ಹಿಂಗ ಮಾಡ್ಯಾನ ಅಂತ ನಾ ಹೆಂಗ ಅನ್ಲಿ? ಗ್ವಾಡಿ ಹಸಿ ಆಗೇತಿ ಅಂತ ಅಷ್ಟ ಹೇಳೇನಿ. ಅದು ಖರೇನ ಐತೆಲ್ರಿ." ಇಷ್ಟು ಹೇಳಿ ಕಪ್ಪು ಹಿಡಿದು ಪಾವಟಿಗೆಯತ್ತ ಹೋಗುತ್ತಾರೆ.

ಫೋಟೋಗಳ ಪ್ರತಿ ಮಾಡಲು ಮೈಮುನಾ ಅವರ ಸ್ಟುಡಿಯೋಗೆ ಓಡುತ್ತೇವೆ. ಮೈಮುನಾ ವಿಡಿಯೋ ಸರಿ ಬಂದಿದೆಯೇ ಎಂದು ಕಿವಿಗೆ ಹೆಡ್‌ಫೋನ್ ಹಾಕಿ ನೋಡುತ್ತಾರೆ. ನೋಡುತ್ತ ನೋಡುತ್ತ ಅವರ ಮುಖ ಬಿಳಿಚಿಕೊಳ್ಳುತ್ತದೆ. ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಡುತ್ತಾರೆ.

ಪರದೆಯ ಮೇಲೆ ಬೆಳ್ಳನೆಯ ಗೋಡೆ, ಕೆಳಗಿಳಿಯುವ ಕಲೆ. ನೀರಿನ ಸದ್ದಿನ ನಡುವೆ ದಾಕ್ಷಾಯಿಣಿಯ ದನಿ ಕಿಟಕಿಯಿಂದ ತೇಲಿ ಬರುತ್ತದೆ: "ಕಾಕಾರ, ಚಾ ಇಟ್ಟೇನ್ರಿ ಪಾವಟಿಗಿ ಮ್ಯಾಲ."

ಮೇಲಿನಿಂದ ಗಂಡಸಿನ ದನಿ: "ಹೂಂನವಾ, ಇಡು. ನಳಾ ಬಿಟ್ಟೇನಿ, ಬಂದ್ ಮಾಡಿ ಬರ್ತೇನಿ. ಸಕ್ರಿ ಹಾಕಿಲ್ಲ ಹೌದಿಲ್ಲೋ?"

"ಇಲ್ರಿ ಕಾಕಾರ. ನಿಮಗ ಸಕ್ರಿ ಆಗೂದಿಲ್ಲಂತ ಗೊತ್ತೈತೆಲ್ರಿ."

ನಾನು ಹೆಡ್‌ಫೋನ್ ಕೆಳಗಿಡುತ್ತೇನೆ. ಗೋಡೆ ಕೊಳೆಸುತ್ತಿರುವ ಕೈಗೆ, ಸಕ್ಕರೆ ಕಾಯಿಲೆ ನೆನಪಿಟ್ಟುಕೊಂಡು ಬೇರೆ ಚಹಾ. ಅದನ್ನು ಇಸಿದುಕೊಳ್ಳುತ್ತ "ಹೂಂನವಾ" ಎನ್ನುವ ಆ ನಾಲಿಗೆ. ಇಬ್ಬರಲ್ಲಿ ಯಾರನ್ನು ಕಂಡು ಹೆಚ್ಚು ಬೆಚ್ಚಿಬೀಳಬೇಕು ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

"ದನಿ ತಗದು ಬರೇ ಗ್ವಾಡಿ ಕೊಟ್ರ ಹೆಂಗ?" ನಾನೇ ಕೇಳುತ್ತೇನೆ. ಕಾಕಾರ ಹೆಸರು ತಾನು ಎತ್ತಬಾರದು ಎಂದು ಕೂತ ಹೆಣ್ಣುಮಗಳ ಬಾಯಿಂದಲೇ ಅದು ಹೊರಬಿದ್ದಿದೆ. ಅವರಿಗೆ ಇದು ಹೇಗೆ ತಟ್ಟೀತು ಎಂದು ನೆನೆದರೆ ಭಯವಾಗುತ್ತದೆ.

ಮೈಮುನಾ ಪ್ರಮಾಣಪತ್ರದ ಹಾಳೆ ಎಳೆದುಕೊಳ್ಳುತ್ತಾರೆ. "ಏನೂ ತಿದ್ದಿಲ್ಲಂತ ಸಹಿ ಮಾಡಾಕಿ ನಾನು. ಇವತ್ತ ಒಳ್ಳೇದಕ್ಕಂತ ಕತ್ತರಿಸಿದ್ರ, ನಾಳೆ ಇನ್ನೊಬ್ರು ಕೆಟ್ಟದಕ್ಕ ಕತ್ತರಸು ಅಂತಾರ. ಇದ್ದದ್ದು ಇದ್ದಂಗ ಹೋಗ್ಲಿ." ಸಹಿ ಹಾಕಿ, ವಿಡಿಯೋದ ಪ್ರತಿಯ ಜೊತೆ ಲಕೋಟೆಗೆ ಸೇರಿಸುತ್ತಾರೆ.

ಅದೇ ಮಧ್ಯಾಹ್ನ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಮೈಮುನಾ ಅವರನ್ನು ಕಟಕಟೆ ಹತ್ತಿಸಿ, ನಿನ್ನೆಯೇ ಸುಣ್ಣ ಹಚ್ಚಿಸಿ, ಇವತ್ತು ನೀರು ಸಿಂಪಡಿಸಿ ನಾಟಕ ಮಾಡಿದ್ದೀರಿ ಎನ್ನುತ್ತಾರೆ. "ಸುಣ್ಣ ಹಚ್ಚಿದ್ದು ಖರೇರಿ," ಎಂದು ಅವರು ತಣ್ಣಗೆ ಒಪ್ಪಿಕೊಳ್ಳುತ್ತಾರೆ. "ನೀರಿಂದು ವಿಡಿಯೋದಾಗ ಕೇಳ್ರಿ."

ಮಾಲತೇಶ ಅವರ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಓಡುತ್ತದೆ. ಚಹಾದ ಮಾತು ಬರುತ್ತದೆ. ನ್ಯಾಯಾಧೀಶರು ಇನ್ನೊಮ್ಮೆ ಹಚ್ಚಿ ಎನ್ನುತ್ತಾರೆ. ಎರಡನೇ ಸಲ ಸಕ್ಕರೆಯ ಮಾತು ಬಂದಾಗ ಶಿವಯೋಗೀಶ ಹೆಗಲ ಮೇಲಿನ ವಸ್ತ್ರ ಕೈಗೆ ತೆಗೆದುಕೊಂಡು ಅದನ್ನೇ ನೋಡುತ್ತಾರೆ. ದಾಕ್ಷಾಯಿಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ. ಗೆಲ್ಲುತ್ತಿರುವವರ ಮುಖ ಅದಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವರು ತಾವೇ ಎಂಬಂತೆ ಹೊರಗೆ ಬಂದು ಗೋಡೆಗೆ ತಲೆಯಿಟ್ಟು ಅಳುತ್ತಾರೆ. "ನಾ ಕೊಟ್ಟ ಚಾ ನ ಅವರ ಮ್ಯಾಲ ಸಾಕ್ಷಿ ಹೇಳ್ತಲ್ರಿ ಅಕ್ಕಾರ!" ಮೈಮುನಾ ಪಕ್ಕದಲ್ಲಿ ನಿಂತು ಬೆನ್ನು ಸವರುತ್ತಾರೆ.

ಮನೆ ಬಿಡಿಸುವ ಅರ್ಜಿ ವಜಾ ಆಗಿದೆ. ಮೇಲಿನ ಬಚ್ಚಲು ಸರಿ ಮಾಡಿಸಬೇಕೆಂದು ಮಾಲೀಕರಿಗೆ ಆದೇಶವಾಗಿದೆ. ದಾಕ್ಷಾಯಿಣಿಯ ಒಲೆ ಅದೇ ಮನೆಯಲ್ಲಿ ಉರಿಯುತ್ತಿದೆ. ಈ ಪುರವಣಿಗೆ ಬರೆಯಲು ಕೂತಾಗ ನಾನು ಮೈಮುನಾ ಅವರಿಗೆ ಫೋನು ಮಾಡಿ, ನಿಮಗೆ ಏನಾಗಬೇಕು ಎಂಬ ಆಸೆಯಿದೆ ಎಂದು ಕೇಳುತ್ತೇನೆ. ಒಳ್ಳೆಯ ಕ್ಯಾಮೆರಾ ಎನ್ನಬಹುದು ಅಂದುಕೊಂಡಿದ್ದೆ.

"ಒಂದ್ಸಲ ಯಾರರೆ ನನ್ನ ಕಸಾ ಹೊಡದ ಮ್ಯಾಲ ಕರೀಬೇಕ್ರಿ," ಎನ್ನುತ್ತಾರೆ. "ರಂಗೋಲಿ ಹಾಕಿರಬೇಕು, ಎಲ್ಲಾರೂ ಛಲೋ ಅರಿವಿ ಹಾಕ್ಕೊಂಡಿರಬೇಕು. ಫೋಟೋ ತಗಸ್ಕೊಳ್ಳಾಕ ಕುಂತಿರಬೇಕು." ಹೇಳಿ ತಾವೇ ನಗುತ್ತಾರೆ. "ಹಂಗ ಕರದಾರ ಈಗ. ಆಯ್ತವಾರ ಬರ್ರಿ ನೀವೂ, ಮಧ್ಯಾಹ್ನದಾಗ."

ಭಾನುವಾರ ಹೋದರೆ ಅದೇ ಮಾಳಮಡ್ಡಿಯ ಮನೆ. ಹೊಸ್ತಿಲಲ್ಲಿ ರಂಗೋಲಿ, ನೆಲ ಸಾರಿಸಿ ಒಣಗಿದೆ. ದಾಕ್ಷಾಯಿಣಿ, ರತ್ನವ್ವ ಇಬ್ಬರೂ ಇಳಕಲ್ ಸೀರೆಯಲ್ಲಿ ಬಿಳಿ ಗೋಡೆಯ ಮುಂದೆ ಕೂತಿದ್ದಾರೆ. ರತ್ನವ್ವನ ಕೆಮ್ಮು ಇಳಿದಿದೆ. ಗೋಡೆಯ ಕಲೆ ಒಣಗಿ ಹಳದಿಯಾಗಿದೆ, ಪೂರ್ತಿ ಹೋಗಿಲ್ಲ. ಮೈಮುನಾ ಸ್ಟ್ಯಾಂಡು ನಿಲ್ಲಿಸಿ, ಹೊಸ ಬಳೆ ತೊಟ್ಟ ಕೈಯಲ್ಲಿ ಕ್ಯಾಮೆರಾ ತಿರುವುತ್ತಿದ್ದಾರೆ. ಬಹಳ ವರ್ಷಗಳ ಮೇಲೆ ಮದುವೆಮನೆಗೆ ಬಂದವರ ಸಡಗರ ಅವರ ಮುಖದಲ್ಲಿದೆ.

ಒಲೆಯ ಕಟ್ಟೆಯ ಮೇಲೆ ಬಸಿ ಮುಚ್ಚಿದ ಒಂದು ಕಪ್ಪಿನಲ್ಲಿ ಚಹಾ ಇದೆ. ಎಲ್ಲರದೂ ಕುಡಿದಾಗಿದೆ. ಇದು ಯಾರದು ಎನ್ನುತ್ತೇನೆ.

"ಕಾಕಾರದು," ಎನ್ನುತ್ತಾರೆ ದಾಕ್ಷಾಯಿಣಿ. "ಅವರು ಬರವಲ್ರು ಈಗ. ಆದ್ರೂ ಮುಂಜಾನೆ ಚಾಕ ಇಟ್ರ ಕೈ ಒಂದು ಕಪ್ಪು ಹೆಚ್ಚಿಗೀನ ಹಾಕ್ತೈತ್ರಿ. ಸಕ್ರಿ ಇಲ್ಲದ್ದು. ಚೆಲ್ಲಾಕ ಮನಸ ಬರೂದಿಲ್ಲ, ಸಂಜಿತನಕಾ ಅಲ್ಲೇ ಇರ್ತೈತಿ."

ಫೋಟೋದಲ್ಲಿ ಅದು ಬರುವುದು ಬೇಡ ಅನಿಸಿ, ಕಪ್ಪನ್ನು ಎತ್ತಿ ಒಳಗಿಡಲು ಕೈ ಚಾಚುತ್ತೇನೆ.

"ಮುಟ್ಟಬ್ಯಾಡ್ರಿ ಸರ," ಎನ್ನುತ್ತಾರೆ ಮೈಮುನಾ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಇರ್ಲಿ. ಅದೂ ಈ ಮನೀದ ಐತಿ."